ಬಯಲಾಟದ ದೀಪಗಳಿಗೆ ಪಿಎಫ್‌ಸಿ ಡ್ರೈವರ್: ಕುಮಟೆಯ ಮಳೆಗಾಲದ ಒಂದು ಕೆಲಸ

ಜನರೇಟರ್ ಮೇಲೆ 2.5 ಕೆವಿಎ ಅಂತ ಬರೆದಿದೆ. ಅದಕ್ಕೆ ಹಾಕುವ ಲೋಡ್ ಎಂಟು ಎಲ್‌ಇಡಿ ಫ್ಲಡ್ ಲೈಟ್. ಒಂದೊಂದೂ 160 ವ್ಯಾಟ್, ಒಟ್ಟು 1280 ವ್ಯಾಟ್. ಜೊತೆಗೆ ಮೈಕಿನ ಆಂಪ್ಲಿಫೈಯರ್. ಇಷ್ಟಕ್ಕೆ ಜನರೇಟರ್ ಆರಾಮಾಗಿ ಓಡಬೇಕು, ಅಲ್ವಾ? ಓಡುವುದಿಲ್ಲ. ದೀಪ ಎಲ್ಲ ಹಾಕಿದ ಕೂಡಲೇ ಇಂಜಿನ್ ಸದ್ದು ದಪ್ಪ ಆಗುತ್ತದೆ. ರಾಕ್ಷಸ ವೇಷ ಬಂದು ಚಂಡೆ ಜೋರಾದರೆ ಆಂಪ್ಲಿಫೈಯರ್ ಇನ್ನಷ್ಟು ಕರೆಂಟ್ ಕೇಳುತ್ತದೆ. ಬ್ರೇಕರ್ ಬೀಳುತ್ತದೆ. ರಂಗಸ್ಥಳ ಕತ್ತಲು.

ಈ ಸೆಟ್ ನನ್ನ ಗೆಳೆಯನದು. ಕುಮಟಾ, ಹೊನ್ನಾವರದ ಕಡೆ ಬಯಲಾಟಗಳಿಗೆ ಮೈಕು, ಲೈಟು ಬಾಡಿಗೆಗೆ ಕೊಡುತ್ತಾನೆ. 5 ಕೆವಿಎ ಜನರೇಟರ್ ತಂದುಬಿಡೋಣ ಅಂತ ಅವನು ಹೊರಟಿದ್ದ. ಮಳೆಗಾಲದಲ್ಲಿ ಬಯಲಾಟ ಇಲ್ಲ, ಲೈಟುಗಳು ಸುಮ್ನೆ ಅಟ್ಟದ ಮೇಲೆ ಬಿದ್ದಿರುತ್ತವೆ. ಅಷ್ಟರೊಳಗೆ ಒಳಗಿನ ಡ್ರೈವರ್‌ಗಳನ್ನೇ (ಮೇನ್ಸ್ ಕರೆಂಟನ್ನು ಎಲ್‌ಇಡಿಗೆ ಬೇಕಾದ ಡಿಸಿ ಮಾಡಿಕೊಡುವ ಸರ್ಕ್ಯೂಟ್) ತೆಗೆದು ಪಿಎಫ್‌ಸಿ, ಅಂದರೆ ಪವರ್ ಫ್ಯಾಕ್ಟರ್ ಸರಿಪಡಿಸುವ ಡ್ರೈವರ್ ಹಾಕಿ ನೋಡೋಣ, ಆಮೇಲೂ ಆಗದಿದ್ದರೆ ಜನರೇಟರ್ ತಾ ಅಂದೆ.

ಒಂದು ಲೈಟನ್ನು ಮೀಟರ್ ಪ್ಲಗ್ಗಿಗೆ ಹಾಕಿದರೆ ರೋಗ ಗೊತ್ತಾಗುತ್ತದೆ. 230 ವೋಲ್ಟ್, 1.2 ಆಂಪ್, 160 ವ್ಯಾಟ್. ವೋಲ್ಟನ್ನೂ ಆಂಪನ್ನೂ ಗುಣಿಸಿದರೆ 276 ವಿಎ (ವೋಲ್ಟ್-ಆಂಪ್) ಬರುತ್ತದೆ, 160 ಅಲ್ಲ. 160ನ್ನು 276ರಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್, ಇಲ್ಲಿ 0.58. ಎಂಟು ದೀಪಕ್ಕೆ 9.6 ಆಂಪ್, 2200 ವಿಎ. ಜನರೇಟರ್ ವೈಂಡಿಂಗ್‌ಗೆ ವ್ಯಾಟ್ ಲೆಕ್ಕ ಬೇಕಿಲ್ಲ, ಅದು ಬಿಸಿಯಾಗುವುದು ಆಂಪಿನಿಂದ. ಆಂಪ್ಲಿಫೈಯರ್‌ಗೆ ಉಳಿಯುವುದು ಬರೀ 300 ವಿಎ.

ಹಳೆಯ ಡ್ರೈವರ್ ಬಿಚ್ಚಿದರೆ ಒಳಗೆ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), ಅದರ ಬೆನ್ನಿಗೇ ದೊಡ್ಡ ಕೆಪಾಸಿಟರ್. ಕೆಪಾಸಿಟರ್ ಹೆಚ್ಚುಕಮ್ಮಿ 300 ವೋಲ್ಟ್‌ಗೆ ತುಂಬಿಕೊಂಡೇ ಇರುತ್ತದೆ. ಲೈನ್ ವೋಲ್ಟೇಜ್ ಅದನ್ನು ದಾಟುವುದು ಅಲೆಯ ತುದಿಯಲ್ಲಿ ಮಾತ್ರ. ಹಾಗಾಗಿ ಪ್ರತಿ 10 ಮಿಲಿಸೆಕೆಂಡಿನಲ್ಲಿ ಸುಮಾರು 2 ಮಿಲಿಸೆಕೆಂಡ್ ಅಷ್ಟೇ ಕರೆಂಟ್ ಹರಿಯುತ್ತದೆ, ಅದೂ ದೊಡ್ಡ ಚೂಪು ಮೊನೆಯಾಗಿ. ಎಂಟು ದೀಪಗಳೂ ಅದೇ ಗಳಿಗೆಗೆ ಎಳೆಯುತ್ತವೆ, ಊರವರೆಲ್ಲ ಒಂದೇ ಬಾವಿಗೆ ಒಟ್ಟಿಗೇ ಕೊಡಪಾನ ಇಳಿಸಿದ ಹಾಗೆ. ಚಿಕ್ಕ ಜನರೇಟರ್‌ನಲ್ಲಿ ಇದು ಸ್ಕೋಪಿನಲ್ಲೇ (ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್) ಕಾಣುತ್ತದೆ. ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆ ಆಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜಾತ್ರೆ ಅಂಗಡಿಗಳಲ್ಲಿ ‘ಪವರ್ ಸೇವರ್’ ಅಂತ ಒಂದು ಡಬ್ಬಿ ಮಾರುತ್ತಾರೆ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಕಡಿಮೆ ಆಗುತ್ತದಂತೆ. ಒಳಗೆ ಒಂದು ಕೆಪಾಸಿಟರ್, ಒಂದು ಎಲ್‌ಇಡಿ, ಅಷ್ಟೇ. ಮನೆ ಮೀಟರ್ ಓಡುವುದು ಯೂನಿಟ್ ಲೆಕ್ಕದಲ್ಲಿ, ಪವರ್ ಫ್ಯಾಕ್ಟರ್ ಸರಿಯಾದರೂ ಬಿಲ್ ಇಳಿಯುವುದಿಲ್ಲ. ಮೋಟರಿನಂಥ ಲೋಡ್‌ನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಅಲ್ಲಿ ಕೆಪಾಸಿಟರ್ ಕಟ್ಟಿದರೆ ಆಂಪ್ ಇಳಿಯುವುದು ನಿಜ. ರೆಕ್ಟಿಫೈಯರ್ ಲೋಡ್‌ನಲ್ಲಿ ಕರೆಂಟಿನ ಆಕಾರವೇ ಕೆಟ್ಟಿದೆ. ಅಲ್ಲಿ ಕೆಪಾಸಿಟರ್ ಏನೂ ಮಾಡದು. ಪಿಎಫ್‌ಸಿಯಿಂದ ಲಾಭ ಆಗುವುದು ಸಣ್ಣ ಜನರೇಟರ್, ಉದ್ದ ವೈರ್, ಸಂಜೆ 170 ವೋಲ್ಟ್‌ಗೆ ಇಳಿಯುವ ತೋಟದ ಮನೆಯ ಲೈನ್, ಇಂಥ ಕಡೆ. ನನ್ನ ಮಟ್ಟಿಗೆ ಇಷ್ಟೆಲ್ಲ ಕಷ್ಟಪಡಲು ಅದೇ ಕಾರಣ.

ಲೆಕ್ಕ

ಬೇಕಾದದ್ದು ಎಲ್‌ಇಡಿಗೆ 36 ವೋಲ್ಟ್, 4 ಆಂಪ್. ಅಂದರೆ 144 ವ್ಯಾಟ್. ಒಂದೇ ಹಂತದ ಅಗ್ಗದ ಪಿಎಫ್‌ಸಿ ಡ್ರೈವರ್‌ಗಳೂ ಇವೆ. ಆದರೆ ಅವುಗಳ ಬೆಳಕಿನಲ್ಲಿ 100 ಹರ್ಟ್ಸ್ ಮಿನುಗು ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಮೊಬೈಲ್ ವಿಡಿಯೋದಲ್ಲಿ ಪಟ್ಟೆಪಟ್ಟೆ ಬರುತ್ತದೆ. ಈಗ ಆಟ ನೋಡುವವರಲ್ಲಿ ಅರ್ಧ ಜನ ಮೊಬೈಲ್ ಎತ್ತಿ ಹಿಡಿದೇ ನೋಡುತ್ತಾರೆ. ಹಾಗಾಗಿ ಎರಡು ಹಂತ: ಮೊದಲು ಬೂಸ್ಟ್ (ವೋಲ್ಟೇಜ್ ಏರಿಸುವ) ಪಿಎಫ್‌ಸಿ 400 ವೋಲ್ಟ್ ಡಿಸಿ ಮಾಡುತ್ತದೆ, ಆಮೇಲೆ ಎಲ್‌ಎಲ್‌ಸಿ ಕನ್ವರ್ಟರ್ ಅದನ್ನು 36ಕ್ಕೆ ಇಳಿಸುತ್ತದೆ.

400 ಯಾಕೆ? ಬೂಸ್ಟ್ ಸರ್ಕ್ಯೂಟ್ ಇನ್‌ಪುಟ್‌ಗಿಂತ ಮೇಲೆಯೇ ಇರಬೇಕು. 265 ವೋಲ್ಟ್ ಎಸಿಯ ತುದಿ 375 ವೋಲ್ಟ್. ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು 400. ಈಗಿರುವ ಮಾಮೂಲಿ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಮುಂದೆ ಒಂದು ಪಿಎಫ್‌ಸಿ ಬೋರ್ಡ್ ಸಿಕ್ಕಿಸಿದರೆ ಸಾಲದೇ ಅಂತ ಗೆಳೆಯ ಕೇಳಿದ. ಸಾಲದು. 264 ವೋಲ್ಟ್ ಎಸಿ ಅಂತ ಬರೆದ ಎಸ್‌ಎಂಪಿಎಸ್ ಒಳಗೆ 373 ವೋಲ್ಟ್ ಡಿಸಿಗಿಂತ ಜಾಸ್ತಿ ಬರುವುದೇ ಇಲ್ಲ. ಎಷ್ಟೋ ಕಡೆ 200 ವೋಲ್ಟಿನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ ಇರುತ್ತವೆ. ಅದಕ್ಕೆ 400 ಕೊಟ್ಟರೆ ಎಲ್ಲವೂ ಅಂಚಿನಲ್ಲಿ ನಿಂತುಬಿಡುತ್ತದೆ.

ಕಂಟ್ರೋಲರ್‌ಗೆ ಎಲ್6562ಎ ಆರಿಸಿಕೊಂಡೆ. ಎಂಟು ಕಾಲಿನ ಐಸಿ, ಕ್ರಿಟಿಕಲ್ ಮೋಡ್‌ನಲ್ಲಿ ಕೆಲಸ ಮಾಡುತ್ತದೆ. ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಆನ್ ಆದಾಗ ಕಾಯಿಲಿನ ಕರೆಂಟ್ ಏರುತ್ತದೆ, ಆಫ್ ಆದಾಗ ಇಳಿಯುತ್ತದೆ, ಪೂರ್ತಿ ಸೊನ್ನೆಗೆ ಬಂದಮೇಲೇ ಮತ್ತೆ ಆನ್. ಎಷ್ಟು ಎತ್ತರಕ್ಕೆ ಏರಬೇಕು ಅನ್ನುವುದನ್ನು ಲೈನ್ ಅಲೆಯ ಆಕಾರವೇ ಹೇಳುತ್ತದೆ. ಹಾಗಾಗಿ ಸರಾಸರಿ ಕರೆಂಟ್ ಸೈನ್ ಅಲೆಯಂತೆಯೇ ಬರುತ್ತದೆ. ಇನ್ನೊಂದು ಲಾಭ ಡಯೋಡಿನದು. ಕರೆಂಟ್ ಸೊನ್ನೆ ಆದಮೇಲೆ ಡಯೋಡ್ ಮುಚ್ಚುವುದರಿಂದ ರಿವರ್ಸ್ ರಿಕವರಿಯ (ಮುಚ್ಚುವ ಗಳಿಗೆಯಲ್ಲಿ ಉಲ್ಟಾ ಹರಿಯುವ ಕರೆಂಟಿನ) ನಷ್ಟ ಇಲ್ಲ, ಎಂಯುಆರ್460 ನಂಥ ಸಾಧಾರಣ ಡಯೋಡೇ ಸಾಕು. ಕರೆಂಟ್ ಸೊನ್ನೆಗೆ ಇಳಿಯದ ಕಂಟಿನ್ಯೂಯಸ್ ಮೋಡ್‌ನಲ್ಲಾದರೆ ದುಬಾರಿ ಸಿಲಿಕಾನ್ ಕಾರ್ಬೈಡ್ ಡಯೋಡ್‌ಗೆ ಹೋಗಬೇಕಾಗುತ್ತದೆ. 300 ವ್ಯಾಟ್ ದಾಟಿದರೆ ಆ ದಾರಿಯೇ ಸರಿ, 160ಕ್ಕೆ ಬೇಡ.

ಕಾಯಿಲ್ 450 ಮೈಕ್ರೋಹೆನ್ರಿ. ಈ ಮೋಡ್‌ನಲ್ಲಿ ಫ್ರೀಕ್ವೆನ್ಸಿ ಒಂದೇ ಕಡೆ ನಿಲ್ಲುವುದಿಲ್ಲ. ಪೂರ್ತಿ ಲೋಡ್‌ನಲ್ಲಿ, ಅಲೆಯ ತುದಿಯಲ್ಲಿ ಲೆಕ್ಕ ಹಾಕಿದರೆ 230 ವೋಲ್ಟ್‌ಗೆ ಸುಮಾರು 69 ಕಿಲೋಹರ್ಟ್ಸ್, 170ಕ್ಕೆ 80, 265ಕ್ಕೆ 31. ಮೂವತ್ತಕ್ಕಿಂತ ಕೆಳಗೆ ಇಳಿಯದ್ದರಿಂದ ಕಿವಿಗೆ ಕೇಳುವ ಭಯ ಇಲ್ಲ. ಕರೆಂಟಿನ ತುದಿ ಜಾಸ್ತಿ ಆಗುವುದು ಲೈನ್ ಇಳಿದಾಗ. 140 ವೋಲ್ಟ್‌ವರೆಗೂ ಓಡಬೇಕು ಅಂದರೆ 3.2 ಆಂಪ್. ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.3 ಓಮ್, 1.2 ಓಮ್‌ನವು ನಾಲ್ಕು ಪ್ಯಾರಲಲ್‌ನಲ್ಲಿ. ಐಸಿಯ ಮಿತಿ 1.08 ವೋಲ್ಟ್, ಅಂದರೆ 3.6 ಆಂಪಿಗೆ ಅದೇ ಕತ್ತರಿಸುತ್ತದೆ. ಕೋರ್ ಆ 3.6ಕ್ಕೂ ಸ್ಯಾಚುರೇಟ್ ಆಗಬಾರದು, ಅಂದರೆ ಕಾಂತಶಕ್ತಿ ಹಿಡಿಯುವಷ್ಟೂ ತುಂಬಿ ಕರೆಂಟ್ ತಡೆಯುವುದನ್ನು ಬಿಡಬಾರದು. ಇಟಿಡಿ34 ಫೆರೈಟ್ ಕೋರ್, 68 ಸುತ್ತು. 0.25 ಟೆಸ್ಲಾದ ಒಳಗೇ ನಿಲ್ಲುತ್ತದೆ.

ಔಟ್‌ಪುಟ್ ಎಷ್ಟಿದೆ ಅಂತ ಐಸಿಗೆ ಹೇಳುವ ಫೀಡ್‌ಬ್ಯಾಕ್ ಡಿವೈಡರ್ (ಮೇಲೊಂದು, ಕೆಳಗೊಂದು ರೆಸಿಸ್ಟರ್) ನೋಡುವುದಕ್ಕೆ ಸಣ್ಣದು, ಆದರೆ ಮೈಮರೆಯುವ ಜಾಗ ಅಲ್ಲ. ಐಸಿಯ ರೆಫರೆನ್ಸ್ 2.5 ವೋಲ್ಟ್. ಮೇಲೆ 2 ಮೆಗಾಓಮ್ ಹಾಕಿ ಕೆಳಗೆ ಹೊಂದಿಸಿದರೂ 400 ಬರುತ್ತದೆ, 1 ಮೆಗಾಓಮ್ ಹಾಕಿದರೂ ಬರುತ್ತದೆ. ವ್ಯತ್ಯಾಸ ಇರುವುದು ಓವರ್‌ವೋಲ್ಟೇಜ್ ರಕ್ಷಣೆಯಲ್ಲಿ. ಈ ಐಸಿ ಮೇಲಿನ ರೆಸಿಸ್ಟರ್‌ನಲ್ಲಿ 27 ಮೈಕ್ರೋಆಂಪ್ ಹೆಚ್ಚುವರಿ ಹರಿದಾಗ ಸ್ವಿಚಿಂಗ್ ನಿಲ್ಲಿಸುತ್ತದೆ. 2 ಮೆಗಾಓಮ್ ಆದರೆ ಅದು 54 ವೋಲ್ಟ್, ಅಂದರೆ 454ಕ್ಕೆ ನಿಲ್ಲುತ್ತದೆ. ಕೆಪಾಸಿಟರ್ ಇರುವುದೇ 450ರದ್ದು! 990 ಕಿಲೋಓಮ್ ಹಾಕಿದರೆ 27 ವೋಲ್ಟ್, 428ಕ್ಕೇ ನಿಲ್ಲುತ್ತದೆ. ಮೂರು 330 ಕಿಲೋಓಮ್ ಸೀರೀಸ್‌ನಲ್ಲಿ ಹಾಕಿದೆ, ಕೆಳಗೆ 6.2 ಕಿಲೋಓಮ್. ಒಂದೇ ಚಿಪ್ ರೆಸಿಸ್ಟರ್ 400 ವೋಲ್ಟ್ ತಡೆಯುವುದಿಲ್ಲ. 1206 ಸೈಜಿನದ್ದು ಸಾಮಾನ್ಯವಾಗಿ 200 ವೋಲ್ಟ್‌ವರೆಗೆ.

ಬಲ್ಕ್ ಕೆಪಾಸಿಟರ್ 100 ಮೈಕ್ರೋಫ್ಯಾರಡ್, 450 ವೋಲ್ಟ್. ಅದರ ಮೇಲೆ 100 ಹರ್ಟ್ಸ್ ರಿಪಲ್ (ಏರಿಳಿತ) 12 ವೋಲ್ಟ್ ಇರುತ್ತದೆ, ಇರಲಿ, ಎರಡನೇ ಹಂತ ಅದನ್ನು ನುಂಗಿಕೊಳ್ಳುತ್ತದೆ.

ಕಾಯಿಲ್ ಸುತ್ತಿದ್ದು

ಕೋರ್, ಬಾಬಿನ್ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತರಿಸಿದೆ. ವೈರ್‌ಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಫ್ಯಾನ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲೂ 36 ಗೇಜ್ ಎನಾಮಲ್ ವೈರ್ ಸಿಗುತ್ತದೆ. ದಪ್ಪ 0.19 ಮಿಲಿಮೀಟರ್. ಹೈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ತಂತಿಯ ಮೈಮೇಲೆ ಮಾತ್ರ ಹರಿಯುವುದರಿಂದ ಒಂದು ದಪ್ಪ ತಂತಿಗಿಂತ ಹತ್ತು ತೆಳು ಎಳೆ ವಾಸಿ. ಜಗಲಿಯ ಒಂದು ಕಂಬಕ್ಕೆ ಹತ್ತು ಎಳೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮೆಷಿನ್ನಿಗೆ ಕಚ್ಚಿಸಿ, ನಿಧಾನಕ್ಕೆ ತಿರುಗಿಸಿದರೆ ಹುರಿ ರೆಡಿ. ಜಾಸ್ತಿ ಬಿಗಿ ಮಾಡಬಾರದು, ಎನಾಮಲ್ ಸಿಪ್ಪೆ ಏಳುತ್ತದೆ. ಸೆಂಟಿಮೀಟರ್‌ಗೆ ಒಂದು ತಿರುಗು ಸಾಕು.

ಒಂದೊಂದು ಪದರ ಮುಗಿದ ಮೇಲೂ ಕ್ಯಾಪ್ಟಾನ್ (ಬಿಸಿ ತಡೆಯುವ) ಟೇಪ್. 68 ಸುತ್ತಿನ ಮೇಲೆ 7 ಸುತ್ತಿನ ಸಣ್ಣ ವೈಂಡಿಂಗ್. ಕರೆಂಟ್ ಸೊನ್ನೆ ಆಯಿತು ಅಂತ ಐಸಿಗೆ ಹೇಳುವುದು ಅದೇ, ಐಸಿಗೆ ಸಪ್ಲೈ ಕೊಡುವುದೂ ಅದೇ. ಎಳೆಗಳ ತುದಿ ಟಿನ್ ಮಾಡುವಾಗ ಹತ್ತೂ ಎಳೆ ಹಿಡಿದಿವೆಯಾ ನೋಡಬೇಕು. ಎರಡು ಬಿಟ್ಟುಹೋದರೂ ಮೀಟರಿಗೆ ಗೊತ್ತಾಗುವುದಿಲ್ಲ, ಕಾಯಿಲ್ ಮಾತ್ರ ಬಿಸಿಯಾಗುತ್ತದೆ.

ಆಮೇಲೆ ಗ್ಯಾಪ್, ಅಂದರೆ ಕೋರಿನ ಎರಡು ಅರ್ಧಗಳ ನಡುವಿನ ಸಂದು. ಲೆಕ್ಕದಲ್ಲಿ ಒಟ್ಟು 1.25 ಮಿಲಿಮೀಟರ್ ಬರುತ್ತದೆ. ಎರಡು ಅರ್ಧಗಳ ನಡುವೆ ಹಾಳೆ ಇಟ್ಟರೆ ಗ್ಯಾಪ್ ನಡುವಿನ ಕಾಲಿನಲ್ಲೂ ಪಕ್ಕದ ಕಾಲುಗಳಲ್ಲೂ ಆಗುತ್ತದೆ. ಆದ್ದರಿಂದ ಹಾಳೆಯ ದಪ್ಪ ಅದರ ಅರ್ಧ. ಹಳೇ ಎಕ್ಸ್‌ರೇ ಫಿಲ್ಮ್ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಹಾಳೆ 0.2 ಮಿಲಿಮೀಟರಿನ ಆಸುಪಾಸು, ಬಿಸಿಗೆ ಮೆತ್ತಗಾಗುವುದಿಲ್ಲ, ಚೌಕ ಚೌಕ ಕತ್ತರಿಸಬಹುದು. ಮೂರು ಪದರ ಇಟ್ಟು ಎಲ್‌ಸಿಆರ್ ಮೀಟರ್ (ಕಾಯಿಲಿನ ಹೆನ್ರಿ ಅಳೆಯುವುದು) ಹಿಡಿದರೆ 450ಕ್ಕಿಂತ ಮೇಲೆ ತೋರಿಸುತ್ತದೆ, ಗ್ಯಾಪ್ ಅಂಚಿನಲ್ಲಿ ಫ್ಲಕ್ಸ್ ಹೊರಗೆ ಉಬ್ಬುವುದರಿಂದ. ನಾಲ್ಕನೇ ಪದರ ಹಾಕಿದರೆ 450ರ ಹತ್ತಿರ ಬಂದು ನಿಲ್ಲುತ್ತದೆ. ಕೋರ್ ಬಿಗಿದು, ವಾರ್ನಿಷ್‌ನಲ್ಲಿ ಅದ್ದಿ, ಒಣಗಿಸಬೇಕು. ಆಷಾಢದಲ್ಲಿ ಕುಮಟೆಯಲ್ಲಿ ಏನನ್ನಾದರೂ ಒಣಗಿಸಬೇಕು ಅಂದರೆ ಒಲೆ ಮೇಲಿನ ಅಟ್ಟವೇ ಗತಿ.

ಸ್ಯಾಚುರೇಷನ್ ನೋಡುವುದಕ್ಕೆ ಸೆನ್ಸ್ ರೆಸಿಸ್ಟರ್ ಮೇಲಿನ ಇಳಿಜಾರು ಗೆರೆ ಸಾಕು. ಮೇಲಿನ ತುದಿವರೆಗೂ ನೇರ ಇದ್ದರೆ ಕೋರ್ ಸರಿ ಇದೆ. ತುದಿಯಲ್ಲಿ ಬಾಲ ಮೇಲೆತ್ತಿದರೆ ಗ್ಯಾಪ್ ಸಾಲದು.

ಎರಡನೇ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್6599 ಐಸಿ, ಹಾಫ್ ಬ್ರಿಡ್ಜ್, ರೆಸೊನೆನ್ಸ್ 100 ಕಿಲೋಹರ್ಟ್ಸ್ ಹತ್ತಿರ. ಹಿಂದಿನ ಹಂತ ಯಾವಾಗಲೂ 400 ಕೊಡುವುದರಿಂದ ಇದಕ್ಕೆ ಜೀವನ ಸುಲಭ. ಮಾಸ್‌ಫೆಟ್‌ಗಳು ಸೊನ್ನೆ ವೋಲ್ಟೇಜ್‌ನಲ್ಲಿ ಆನ್ ಆಗುತ್ತವೆ, ಹೀಟ್‌ಸಿಂಕ್ ಮುಟ್ಟಿದರೆ ಉಗುರು ಬೆಚ್ಚಗೆ, ಅಷ್ಟೇ. ಇದರ ಲೈನ್ ಪಿನ್ ಬಳಸಿ 300 ವೋಲ್ಟ್‌ಗಿಂತ ಕೆಳಗೆ ಬಂದರೆ ನಿಲ್ಲುವಂತೆ ಮಾಡಿದೆ. 400ರಿಂದ 300ಕ್ಕೆ ಇಳಿಯುವಷ್ಟರಲ್ಲಿ ಕೆಪಾಸಿಟರ್ 23 ಮಿಲಿಸೆಕೆಂಡ್ ತಳ್ಳುತ್ತದೆ. ಜನರೇಟರ್ ಒಂದು ಅಲೆ ತಪ್ಪಿಸಿದರೂ ದೀಪ ಕಣ್ಣು ಮಿಟುಕಿಸುವುದಿಲ್ಲ.

ಬೋರ್ಡ್ ಮಾಡುವಾಗ ನಮ್ಮ ಕರಾವಳಿಯ ಉಪ್ಪುಗಾಳಿಯನ್ನು ಮರೆಯಬಾರದು. ಬಿಚ್ಚಿದ ಹಳೇ ಡ್ರೈವರ್‌ಗಳಲ್ಲಿ ತಾಮ್ರವೆಲ್ಲ ಹಸಿರು. 400 ವೋಲ್ಟಿನ ಪ್ಯಾಡ್‌ಗಳ ನಡುವೆ ಗರಗಸದ ಎಲೆಯಿಂದ ಸೀಳು ಕೊಯ್ದೆ, ಆಮೇಲೆ ಇಡೀ ಬೋರ್ಡ್‌ಗೆ ಅಕ್ರಿಲಿಕ್ ಕೋಟಿಂಗ್. ಆ ಮೂರು 330 ಕಿಲೋಓಮ್‌ಗಳ ಮೇಲೆ ಎರಡು ಸಲ. ಅಲ್ಲಿ ತೇವ ಕೂತು ಸ್ವಲ್ಪ ಸೋರಿದರೂ ಔಟ್‌ಪುಟ್ 400ರಿಂದ ಕೆಳಗೆ ಜಾರುತ್ತದೆ, ಲೈನ್ ಜಾಸ್ತಿ ಇದ್ದಾಗ ಬೂಸ್ಟ್ ಆಗುವುದೇ ಇಲ್ಲ.

ಕರೆಂಟ್ ಕೊಟ್ಟಾಗ

ಇದನ್ನು ಮಾಡಿ ನೋಡುವವರಿಗೆ ಮೊದಲೇ ಹೇಳುತ್ತೇನೆ. 100 ಮೈಕ್ರೋಫ್ಯಾರಡ್ 400 ವೋಲ್ಟ್‌ನಲ್ಲಿ 8 ಜೂಲ್ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ. ಅದನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಇರಲಿ, ಆದರೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಸ್ಕೋಪಿನ ಅರ್ತ್ ಕ್ಲಿಪ್ಪನ್ನು ಬ್ರಿಡ್ಜ್‌ನ ಮೈನಸ್‌ಗೆ ಹಾಕಿದರೆ ನೇರ ಶಾರ್ಟ್. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಸ್ಕೋಪ್ ಹಚ್ಚಲೇಬೇಡಿ.

ಮೊದಲು ಐಸಿಗೆ ಬೇರೆ ಸಪ್ಲೈನಿಂದ 15 ವೋಲ್ಟ್ ಕೊಟ್ಟೆ, ಮೇನ್ಸ್ ಅನ್ನು ವೇರಿಯಾಕ್‌ನಲ್ಲಿ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) 60 ವೋಲ್ಟ್‌ನಿಂದ ಏರಿಸಿದೆ. ಸೀರೀಸ್‌ನಲ್ಲಿ 100 ವ್ಯಾಟಿನ ಹಳೇ ಬಲ್ಬ್. ಲೋಡ್ ಇಲ್ಲದಾಗ ಬಲ್ಬ್ ಸೀರೀಸ್ ಒಳ್ಳೆಯ ಕಾವಲು. ಲೋಡ್ ಹಾಕಿದ ಮೇಲೆ ಅದೇ ಬಲ್ಬ್ ಕಾಟ ಕೊಡುತ್ತದೆ. ಪಿಎಫ್‌ಸಿಗೆ ಬೇಕಾದ ವ್ಯಾಟ್ ನಿಗದಿ, ವೋಲ್ಟೇಜ್ ಇಳಿದಷ್ಟೂ ಅದು ಜಾಸ್ತಿ ಆಂಪ್ ಕೇಳುತ್ತದೆ. ಬಲ್ಬ್‌ನಲ್ಲಿ ಇನ್ನಷ್ಟು ವೋಲ್ಟೇಜ್ ಬಿದ್ದು ಇಡೀ ಸರ್ಕ್ಯೂಟ್ ಬಿದ್ದು ಎದ್ದು ಮಾಡುತ್ತದೆ. ಕೆಟ್ಟಿದೆ ಅಂದುಕೊಳ್ಳುವ ಮೊದಲು ಬಲ್ಬ್ ತೆಗೆದು ನೋಡಿ.

230 ವೋಲ್ಟ್‌ನಲ್ಲಿ ಪೂರ್ತಿ ಲೋಡ್: 0.70 ಆಂಪ್, 159 ವ್ಯಾಟ್, ಪವರ್ ಫ್ಯಾಕ್ಟರ್ 0.99. ಔಟ್‌ಪುಟ್ 144 ವ್ಯಾಟ್. ಅಂದರೆ ಎರಡೂ ಹಂತ ಸೇರಿ ದಕ್ಷತೆ ತೊಂಬತ್ತು ದಾಟಿತು. ಪಿಎಫ್‌ಸಿ ಹಂತದಲ್ಲಿ ವ್ಯಾಟ್ ಎಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ತಮಾಷೆ ಕಾಣುತ್ತದೆ. ಎಲ್ಲರೂ ಮಾಸ್‌ಫೆಟ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. 0.38 ಓಮ್‌ನ ಮಾಸ್‌ಫೆಟ್‌ನಲ್ಲಿ ಕರೆಂಟ್ ಹರಿಯುವಾಗ ಹೋಗುವುದು ಸುಮಾರು 0.1 ವ್ಯಾಟ್. ಬಡ ಬ್ರಿಡ್ಜ್ ರೆಕ್ಟಿಫೈಯರ್ ಒಂದು ವ್ಯಾಟ್‌ಗಿಂತ ಜಾಸ್ತಿ ತಿನ್ನುತ್ತದೆ. ಕಡಿಮೆ ಓಮ್‌ನ ದುಬಾರಿ ಮಾಸ್‌ಫೆಟ್‌ಗೆ ದುಡ್ಡು ಹಾಕುವ ಬದಲು ದೊಡ್ಡ ಬ್ರಿಡ್ಜ್ ಹಾಕಿ.

ಜನರೇಟರ್ ಮೇಲೆ ಎಂಟೂ ಹಾಕಿದಾಗ ಹೊಸ ತಕರಾರು ಶುರುವಾಯಿತು. ಬೆಳಕು ಗಟ್ಟಿ ನಿಂತಿದೆ, ಇಂಜಿನ್ ಮಾತ್ರ ಏರುತ್ತಾ ಇಳಿಯುತ್ತಾ ಓಲಾಡುತ್ತಿದೆ. ಕಾರಣ ಆಗ ಬಲ್ಬ್ ಸೀರೀಸ್‌ನಲ್ಲಿ ಕಂಡದ್ದೇ. ವೋಲ್ಟೇಜ್ ಇಳಿದರೆ ಪಿಎಫ್‌ಸಿ ಜಾಸ್ತಿ ಎಳೆಯುತ್ತದೆ, ಇಂಜಿನ್ ವೇಗ ಕಾಯುವ ಗವರ್ನರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಅಷ್ಟರಲ್ಲಿ ಪಿಎಫ್‌ಸಿ ಕಡಿಮೆ ಮಾಡಿರುತ್ತದೆ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ಹತ್ತುತ್ತಾರೆ. ಪಿಎಫ್‌ಸಿಯ ವೋಲ್ಟೇಜ್ ಲೂಪ್ (ಔಟ್‌ಪುಟ್ ನೋಡಿ ಕರೆಂಟ್ ತಿದ್ದುವ ಸುತ್ತು) ಹೇಗೂ 20 ಹರ್ಟ್ಸ್‌ಗಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಆ 12 ವೋಲ್ಟ್ ರಿಪಲ್ ಲೂಪಿನೊಳಗೆ ನುಗ್ಗಿ ಕರೆಂಟಿನ ಆಕಾರ ಕೆಡಿಸುತ್ತದೆ. ಇಲ್ಲಿ ಅದನ್ನು ಇನ್ನೂ ನಿಧಾನ ಮಾಡಿದೆ, ಲೂಪಿನ ವೇಗ ನಿರ್ಧರಿಸುವ ಕಾಂಪ್ ಪಿನ್‌ನ ಕೆಪಾಸಿಟರ್ ದೊಡ್ಡದು ಮಾಡಿ. ಇಂಜಿನ್ ಸುಮ್ಮನಾಯಿತು. ಲೋಡ್ ಧಡಕ್ಕನೆ ಬದಲಾಗುವ ಕಡೆ ಇಷ್ಟು ನಿಧಾನದ ಲೂಪ್ ನಡೆಯುವುದಿಲ್ಲ. ಎಲ್‌ಇಡಿ ಲೋಡ್ ರಾತ್ರಿಯಿಡೀ ಒಂದೇ ಸಮ, ಅದಕ್ಕೇ ಈ ಸವಲತ್ತು.

ಮೊದಲು ದೀಪ ಹಾಕಿದಾಗ ಮೈಕಿನಲ್ಲಿ ಬರುತ್ತಿದ್ದ ಗುಂಯ್ ಸದ್ದೂ ಹೆಚ್ಚುಕಮ್ಮಿ ಹೋಯಿತು. ಉಳಿದ ಸಣ್ಣ ಕಿರಿಕಿರಿಗೆ ಕಾಮನ್ ಮೋಡ್ ಚೋಕ್, ಎರಡು 2.2 ನ್ಯಾನೋಫ್ಯಾರಡ್ ವೈ ಕೆಪಾಸಿಟರ್ (ಲೈನಿನಿಂದ ಲೈಟಿನ ಮೈಗೆ ಕಟ್ಟುವುದು) ಹಾಕಬೇಕಾಯಿತು. ವೈ ಕೆಪಾಸಿಟರ್ ಹಾಕಿದರೆ ಲೈಟಿನ ಮೈಗೆ 0.16 ಮಿಲಿಆಂಪ್ ಸೋರುತ್ತದೆ. ಎಂಟು ಲೈಟ್ ಒಂದೇ ಕಬ್ಬಿಣದ ಪೈಪಿಗೆ ಕಟ್ಟಿದರೆ 1.3 ಮಿಲಿಆಂಪ್, ಒದ್ದೆ ಕೈಗೆ ಚುರುಕ್ ಅನ್ನುತ್ತದೆ. ಪೈಪಿಗೆ ಅರ್ತ್ ವೈರ್, ಜನರೇಟರ್ ಹತ್ತಿರ ನೆಲಕ್ಕೆ ಸರಳು, ಇದರಲ್ಲಿ ರಾಜಿ ಇಲ್ಲ ಅಂತ ಗೆಳೆಯನಿಗೆ ಹೇಳಿದ್ದೇನೆ.

ಈಗ ಎಂಟು ದೀಪಕ್ಕೆ 5.6 ಆಂಪ್. ಜನರೇಟರ್ ಸದ್ದು ಭಾಗವತರ ಪದ್ಯಕ್ಕೆ ಅಡ್ಡ ಬರಬಾರದು ಅಂತ ಅದನ್ನು 60 ಮೀಟರ್ ದೂರ ಇಡುತ್ತಾರೆ. 1.5 ಸ್ಕ್ವೇರ್ ಎಂಎಂ ವೈರ್, ಹೋಗಿ ಬರುವ ದಾರಿ ಸೇರಿ 1.45 ಓಮ್. ಮೊದಲು ಆ ವೈರ್ ಒಂದೇ 134 ವ್ಯಾಟ್ ಸುಡುತ್ತಿತ್ತು, ಈಗ 45. ವೈರ್ ಸುರುಳಿಯನ್ನು ಬಿಚ್ಚದೆ ಹಾಗೇ ಇಟ್ಟು ಓಡಿಸುವವರಿಗೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಇನ್ನೂ ಎರಡು ಕೆಲಸ ಬಾಕಿ. ಒಂದು, ಎನ್‌ಟಿಸಿ, ಅಂದರೆ ಹಾಕಿದ ಗಳಿಗೆಯಲ್ಲಿ ನುಗ್ಗುವ ಕರೆಂಟನ್ನು ತಣ್ಣಗಿದ್ದಾಗ ಮಾತ್ರ ತಡೆಯುವ ರೆಸಿಸ್ಟರ್. ಆರಿಸಿ ತಕ್ಷಣ ಮತ್ತೆ ಹಾಕಿದರೆ ಅದು ಇನ್ನೂ ಬಿಸಿ ಇರುತ್ತದೆ, ತಡೆಯುವುದಿಲ್ಲ, ಎಂಟು ಕೆಪಾಸಿಟರ್‌ಗಳೂ ಒಟ್ಟಿಗೇ ಎಳೆಯುತ್ತವೆ. ನಾಲ್ಕು ನಾಲ್ಕು ಲೈಟಿಗೆ ಬೇರೆ ಬೇರೆ ಸ್ವಿಚ್ ಹಾಕುವುದು ಸದ್ಯದ ಉಪಾಯ. ಇನ್ನೊಂದು, ಸಿಡಿಲು. ನವರಾತ್ರಿ ಆಸುಪಾಸಿನ ಗುಡುಗಿನಲ್ಲಿ ಲೈನ್ ಮೇಲೆ ಏನು ಬರುತ್ತದೋ ಹೇಳಲಾಗದು. ಬ್ರಿಡ್ಜ್‌ನಿಂದ ನೇರ ಬಲ್ಕ್ ಕೆಪಾಸಿಟರ್‌ಗೆ ಒಂದು ಬೈಪಾಸ್ ಡಯೋಡ್ ಇದೆ, ಸರ್ಜ್ ಬಂದರೆ ಕಾಯಿಲ್, ಮಾಸ್‌ಫೆಟ್ ಬಿಟ್ಟು ಆ ದಾರಿಯಲ್ಲಿ ಹೋಗುತ್ತದೆ. ಅದರ ಮುಂದೆ 14 ಎಂಎಂ ವೇರಿಸ್ಟರ್ (ವೋಲ್ಟೇಜ್ ಮಿತಿ ದಾಟಿದರೆ ಸರ್ಜ್ ನುಂಗುವುದು) ಹಾಕಬೇಕು. ಅಂಗಡಿಯಲ್ಲಿ 275 ವೋಲ್ಟಿನದ್ದು ಸುಲಭವಾಗಿ ಸಿಗುತ್ತದೆ. ಆದರೆ ಲೋಡ್ ತೆಗೆದ ಕೂಡಲೇ ಜನರೇಟರ್ ವೋಲ್ಟೇಜ್ ಒಮ್ಮೆ ಮೇಲೆ ಹಾರುತ್ತದಲ್ಲ, ಅದಕ್ಕೆ 320ರದ್ದನ್ನೇ ಹುಡುಕುತ್ತಿದ್ದೇನೆ.